ವೃತ್ತಾಕಾರದ ಕಕ್ಷೆಯಲ್ಲಿ ಬಲ, ಕೆಲಸ ಮತ್ತು ಶಕ್ತಿ: ಬ್ರೇಕ್ ಹಾಕಿದರೆ ವೇಗ ಹೆಚ್ಚುವುದೇಕೆ?

ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ದ್ರವ್ಯರಾಶಿ ಸುಮಾರು 420 ಟನ್. ಆ ಎತ್ತರದಲ್ಲಿ ಭೂಮಿಯ ಗುರುತ್ವ ಪ್ರತಿ ಕಿಲೋಗ್ರಾಂ ವಸ್ತುವನ್ನು 8.69 ನ್ಯೂಟನ್ ಬಲದಿಂದ ಎಳೆಯುತ್ತದೆ. ಎಂದರೆ ಇಡೀ ನಿಲ್ದಾಣದ ಮೇಲೆ ಎಡೆಬಿಡದೆ ಬೀಳುತ್ತಿರುವ ಬಲ ಸುಮಾರು 36.5 ಲಕ್ಷ ನ್ಯೂಟನ್. ನಿಲ್ದಾಣವು ಒಂದು ಸುತ್ತು ಮುಗಿಸಲು ಸುಮಾರು 92 ನಿಮಿಷಗಳಲ್ಲಿ 42,500 ಕಿಲೋಮೀಟರ್ ದೂರ ಕ್ರಮಿಸುತ್ತದೆ. ‘ಕೆಲಸ ಎಂದರೆ ಬಲವನ್ನು ದೂರದಿಂದ ಗುಣಿಸಿದ್ದು’ ಎಂದಷ್ಟೇ ನೆನಪಿಟ್ಟುಕೊಂಡ ವಿದ್ಯಾರ್ಥಿ ಇವೆರಡನ್ನೂ ಗುಣಿಸಿದರೆ ಸುಮಾರು 155 ಲಕ್ಷ ಕೋಟಿ ಜೂಲ್ ಎಂಬ ಉತ್ತರ ಬರುತ್ತದೆ. 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವು ಪೂರ್ಣ ಪ್ರಮಾಣದಲ್ಲಿ ಓಡಿದರೂ ಅಷ್ಟು ಶಕ್ತಿಯನ್ನು ಉತ್ಪಾದಿಸಲು ನಲವತ್ತೊಂದು ಗಂಟೆಗಳಿಗೂ ಹೆಚ್ಚು ಸಮಯ ಬೇಕು. ಭೂಮಿಯು ಒಂದೂವರೆ ಗಂಟೆಗೊಮ್ಮೆ ಇಷ್ಟು ಶಕ್ತಿಯನ್ನು ನಿಲ್ದಾಣಕ್ಕೆ ಸುರಿಯುತ್ತಿದ್ದರೆ ಅದು ಎಂದೋ ಸೌರವ್ಯೂಹವನ್ನೇ ದಾಟಿ ಹೋಗಿರಬೇಕಿತ್ತು. ಕಕ್ಷೆಯು ನಿಖರವಾಗಿ ವೃತ್ತಾಕಾರವಾಗಿದ್ದರೆ, ಈ ಒಂದು ಸುತ್ತಿನಲ್ಲಿ ಗುರುತ್ವ ಮಾಡುವ ಕೆಲಸ ಸೊನ್ನೆ. ಸುತ್ತಿನ ಕೊನೆಗೆ ಕೂಡಿ ಕಳೆದು ಸೊನ್ನೆಯಾಗುವುದಲ್ಲ, ಪ್ರತಿ ಕ್ಷಣವೂ ಸೊನ್ನೆಯೇ.

ಕಕ್ಷೆಗಳ ವಿಷಯದಲ್ಲಿ ಓದುಗರನ್ನು ಕಾಡುವ ಗೊಂದಲಗಳಲ್ಲಿ ಬಹುಪಾಲು ಹುಟ್ಟುವುದು ಬಲದ ಲೆಕ್ಕವನ್ನೂ ಶಕ್ತಿಯ ಲೆಕ್ಕವನ್ನೂ ಒಂದೇ ಎಂದು ಭಾವಿಸುವುದರಿಂದ. ಬಲವು ವೇಗವನ್ನು ಬದಲಾಯಿಸುತ್ತದೆ. ಆದರೆ ವೇಗಕ್ಕೆ ಪ್ರಮಾಣವೂ ಇದೆ, ದಿಕ್ಕೂ ಇದೆ. ಚಲನೆಯ ದಿಕ್ಕಿನಲ್ಲೇ ಪ್ರಯೋಗವಾಗುವ ಬಲ ಪ್ರಮಾಣವನ್ನು ಹೆಚ್ಚಿಸುತ್ತದೆ, ಎಂದರೆ ಧನಾತ್ಮಕ ಕೆಲಸ ಮಾಡುತ್ತದೆ. ವಿರುದ್ಧ ದಿಕ್ಕಿನ ಬಲ ಪ್ರಮಾಣವನ್ನು ತಗ್ಗಿಸಿ ಋಣಾತ್ಮಕ ಕೆಲಸ ಮಾಡುತ್ತದೆ. ಚಲನೆಗೆ ಸರಿಯಾಗಿ ಲಂಬವಾಗಿರುವ ಬಲವಾದರೋ ದಿಕ್ಕನ್ನು ಮಾತ್ರ ತಿರುಗಿಸುತ್ತದೆ; ಅದು ಎಷ್ಟೇ ದೊಡ್ಡದಾಗಿದ್ದರೂ ಶಕ್ತಿಯ ಖಾತೆಗೆ ಒಂದು ಜೂಲನ್ನೂ ಸೇರಿಸುವುದಿಲ್ಲ, ಅದರಿಂದ ತೆಗೆಯುವುದೂ ಇಲ್ಲ. ವೃತ್ತಾಕಾರದ ಕಕ್ಷೆಯಲ್ಲಿ ಉಪಗ್ರಹ ಸಾಗುವುದು ವೃತ್ತದ ಸ್ಪರ್ಶಕದ ದಿಕ್ಕಿನಲ್ಲಿ, ಗುರುತ್ವ ಎಳೆಯುವುದು ಕೇಂದ್ರದ ಕಡೆಗೆ. ಇವೆರಡರ ನಡುವಿನ ಕೋನ ಎಲ್ಲ ಬಿಂದುಗಳಲ್ಲೂ 90 ಡಿಗ್ರಿ. ಮುಂದೆ ಬರುವ ವಿಚಿತ್ರಗಳೆಲ್ಲವೂ ಈ ಕೋನ 90 ಡಿಗ್ರಿಯಿಂದ ಕೊಂಚ ಅತ್ತಿತ್ತ ಸರಿದಾಗ ಏನಾಗುತ್ತದೆ ಎಂಬುದರ ಪರಿಣಾಮಗಳೇ.

ಇದನ್ನು ಒಂದು ಸೆಕೆಂಡಿನ ಮಟ್ಟಿಗೆ ಹತ್ತಿರದಿಂದ ನೋಡುವುದು ಒಳ್ಳೆಯದು. ನಿಲ್ದಾಣದ ವೇಗ ಸೆಕೆಂಡಿಗೆ 7.67 ಕಿಲೋಮೀಟರ್. ಗುರುತ್ವ ಇಲ್ಲದೇ ಹೋಗಿದ್ದರೆ ಒಂದು ಸೆಕೆಂಡಿನಲ್ಲಿ ಅದು ಸ್ಪರ್ಶಕದ ಗುಂಟ 7.67 ಕಿಲೋಮೀಟರ್ ನೇರವಾಗಿ ಹೋಗಿ, ಭೂಮಿಯ ಕೇಂದ್ರದಿಂದ ಮೊದಲಿಗಿಂತ ಸುಮಾರು 4.35 ಮೀಟರ್ ಹೆಚ್ಚು ದೂರ ತಲುಪುತ್ತಿತ್ತು, ಏಕೆಂದರೆ ಸ್ಪರ್ಶಕ ನೇರವಾಗಿ ಸಾಗುತ್ತದೆ, ವೃತ್ತ ಬಾಗುತ್ತದೆ. ಅದೇ ಒಂದು ಸೆಕೆಂಡಿನಲ್ಲಿ ಗುರುತ್ವವು ನಿಲ್ದಾಣವನ್ನು ಕೇಂದ್ರದ ಕಡೆಗೆ ಬೀಳಿಸುವ ದೂರ, 8.69ರ ಅರ್ಧ, ಎಂದರೆ 4.35 ಮೀಟರ್. ಎರಡೂ ಒಂದೇ. ನಿಲ್ದಾಣ ಬಿದ್ದದ್ದು ನಿಜ. ಆದರೆ ಅದು ಬಿದ್ದದ್ದು ತಾನು ಸಾಗಬಹುದಾಗಿದ್ದ ನೇರ ರೇಖೆಯಿಂದಲೇ ಹೊರತು, ಭೂಮಿಗೆ ಅದು ಒಂದು ಕೂದಲೆಳೆಯಷ್ಟೂ ಹತ್ತಿರವಾಗಲಿಲ್ಲ. ‘ಬೀಳುತ್ತಿದೆ ಎಂದಮೇಲೆ ಗುರುತ್ವ ಕೆಲಸ ಮಾಡಲೇಬೇಕಲ್ಲ’ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ: ಗುರುತ್ವದ ಕೆಲಸವನ್ನು ಅಳೆಯುವುದು ಕೇಂದ್ರದಿಂದ ಇರುವ ದೂರ ಎಷ್ಟು ಬದಲಾಯಿತು ಎಂಬುದರಿಂದ, ಆ ದೂರ ಬದಲಾಗಿಯೇ ಇಲ್ಲ.

ಇಷ್ಟು ಕಂಡ ಮೇಲೆ, ಪಾಠ ಪುಸ್ತಕಗಳಾಚೆಗೆ ಬಹಳ ಕಡೆ ಕೇಳಿಬರುವ ಒಂದು ವಿವರಣೆಯನ್ನು ಕೈಬಿಡುವುದು ಲೇಸು. ‘ಒಳಗೆ ಎಳೆಯುವ ಗುರುತ್ವವೂ ಹೊರಗೆ ತಳ್ಳುವ ಕೇಂದ್ರಾಪಗಾಮಿ ಬಲವೂ ಸಮತೋಲನದಲ್ಲಿರುವುದರಿಂದ ಉಪಗ್ರಹ ಬೀಳುವುದಿಲ್ಲ’ ಎನ್ನುತ್ತದೆ ಆ ವಿವರಣೆ. ಬಲಗಳು ನಿಜವಾಗಿಯೂ ಸಮತೋಲನದಲ್ಲಿದ್ದರೆ ಉಪಗ್ರಹ ನೇರ ರೇಖೆಯಲ್ಲಿ ಹೊರಟುಹೋಗಬೇಕು, ವೃತ್ತದಲ್ಲಿ ತಿರುಗಬಾರದು. ಉಪಗ್ರಹದ ಜೊತೆಯಲ್ಲೇ ತಿರುಗುತ್ತಿರುವ ವೀಕ್ಷಕ ತನ್ನ ಲೆಕ್ಕದ ಅನುಕೂಲಕ್ಕೆ ಕೇಂದ್ರಾಪಗಾಮಿ ಬಲವನ್ನು ಸೇರಿಸಿಕೊಳ್ಳಬಹುದು. ಹೊರಗಿನಿಂದ ನೋಡುವವರಿಗೆ ಅಲ್ಲಿರುವುದು ಒಂದೇ ಒಂದು ಬಲ, ಗುರುತ್ವ, ಮತ್ತು ಅದೇ ಕೇಂದ್ರಾಭಿಮುಖ ಬಲದ ಪಾತ್ರವನ್ನೂ ವಹಿಸುತ್ತದೆ. ಗಗನಯಾತ್ರಿಗಳು ತೇಲುವುದನ್ನು ಕಂಡು ಅಲ್ಲಿ ಗುರುತ್ವವೇ ಇಲ್ಲವೆನ್ನುವುದೂ ಇದೇ ಜಾತಿಯ ತಪ್ಪು. 400 ಕಿಲೋಮೀಟರ್ ಎತ್ತರದಲ್ಲಿ ಗುರುತ್ವವು ನೆಲದ ಮೇಲಿನದರ ಶೇ 88ಕ್ಕಿಂತ ಹೆಚ್ಚೇ ಇದೆ. ನಿಲ್ದಾಣವೂ ಅದರೊಳಗಿನವರೂ ಒಟ್ಟಿಗೆ ಬೀಳುತ್ತಿರುವುದರಿಂದ ಒಬ್ಬರನ್ನು ಇನ್ನೊಂದು ಒತ್ತುವುದಿಲ್ಲ, ಅಷ್ಟೆ.

ಚಂದ್ರನೂ ಹೀಗೆಯೇ ಬೀಳುತ್ತಿದ್ದಾನೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿದವರು ನ್ಯೂಟನ್. ಚಂದ್ರ ಇರುವುದು ಭೂಮಿಯ ತ್ರಿಜ್ಯದ ಸುಮಾರು 60 ಪಟ್ಟು ದೂರದಲ್ಲಿ. ಗುರುತ್ವ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದಾದರೆ ಅಲ್ಲಿ ಅದು ನೆಲದ ಮೇಲಿನದರ 3,600ನೇ ಒಂದು ಭಾಗದಷ್ಟಿರಬೇಕು. ಬೀಳುವ ದೂರವೋ ಸಮಯದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ, ಒಂದು ನಿಮಿಷದ 60 ಸೆಕೆಂಡುಗಳ ವರ್ಗವೂ 3,600. ಆದ್ದರಿಂದ ನೆಲದ ಬಳಿ ಕೈಬಿಟ್ಟ ಕಲ್ಲು ಒಂದು ಸೆಕೆಂಡಿನಲ್ಲಿ ಬೀಳುವ ಸುಮಾರು 4.9 ಮೀಟರನ್ನೇ ಚಂದ್ರ ಒಂದು ನಿಮಿಷದಲ್ಲಿ ಬೀಳುತ್ತಾನೆ. 1687ರಲ್ಲಿ ಪ್ರಕಟವಾದ ಈ ಹೋಲಿಕೆ ಭೂಮಿಯ ಮೇಲಿನ ಬಲವೂ ಆಕಾಶದ ಬಲವೂ ಒಂದೇ ಎಂಬುದಕ್ಕೆ ಮೊದಲ ಗಟ್ಟಿ ಆಧಾರಗಳಲ್ಲೊಂದಾಯಿತು.

ಬಲದ ಲೆಕ್ಕದಿಂದ ಒಂದು ಸರಳ ನಿಯಮ ಹೊರಬೀಳುತ್ತದೆ. ವೃತ್ತದಲ್ಲಿ ತಿರುಗಲು ಬೇಕಾದ ವೇಗೋತ್ಕರ್ಷ (ವೇಗ ಬದಲಾಗುವ ದರ) ಎಂದರೆ ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದ್ದು. ಗುರುತ್ವ ಒದಗಿಸುವ ವೇಗೋತ್ಕರ್ಷವೋ ತ್ರಿಜ್ಯದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಎರಡನ್ನೂ ಸಮೀಕರಿಸಿದರೆ, ವೇಗದ ವರ್ಗವನ್ನು ತ್ರಿಜ್ಯದಿಂದ ಗುಣಿಸಿದಾಗ ಯಾವಾಗಲೂ ಒಂದೇ ಸಂಖ್ಯೆ ಬರಬೇಕು. ಕಿಲೋಮೀಟರ್ ಮತ್ತು ಸೆಕೆಂಡುಗಳಲ್ಲಿ ಭೂಮಿಗೆ ಸಂಬಂಧಿಸಿದ ಆ ಸಂಖ್ಯೆ 3,98,600. ಬಾಹ್ಯಾಕಾಶ ನಿಲ್ದಾಣಕ್ಕೆ ತ್ರಿಜ್ಯ 6,771, ವೇಗ 7.67. ನೆಲದಿಂದ ನೋಡಿದರೆ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹಕ್ಕೆ ತ್ರಿಜ್ಯ 42,164, ವೇಗ 3.07. ಚಂದ್ರನಿಗೆ ತ್ರಿಜ್ಯ 3,84,400, ವೇಗ 1.02. ಮೂರನ್ನೂ ಕ್ಯಾಲ್ಕ್ಯುಲೇಟರಿನಲ್ಲಿ ಒತ್ತಿ ನೋಡಬಹುದು. ದಶಮಾಂಶಗಳ ಅಲ್ಪ ವ್ಯತ್ಯಾಸ ಬಿಟ್ಟರೆ ಉತ್ತರ ಒಂದೇ. ಉಪಗ್ರಹದ ದ್ರವ್ಯರಾಶಿ ಈ ನಿಯಮದಲ್ಲಿ ಎಲ್ಲೂ ಬರುವುದಿಲ್ಲ. ದೂರ ಹೆಚ್ಚಾದಷ್ಟೂ ವೇಗ ಕಡಿಮೆ ಎಂಬುದನ್ನು ಮಾತ್ರ ಇಲ್ಲಿ ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳಬೇಕು.

ಕಕ್ಷೆ ಸೇರಿದ ಮೇಲೆ ಯಾರೂ ಕೆಲಸ ಮಾಡಬೇಕಿಲ್ಲವಾದರೆ, ಕೆಲಸ ನಡೆದದ್ದು ಯಾವಾಗ? ಉಡಾವಣೆಯ ಆ ಕೆಲವು ನಿಮಿಷಗಳಲ್ಲಿ. ಒಂದು ಕಿಲೋಗ್ರಾಂ ವಸ್ತುವನ್ನು ನೆಲದಿಂದ 400 ಕಿಲೋಮೀಟರ್ ಎತ್ತರಕ್ಕೆ ಬರಿದೇ ಎತ್ತಲು ಬೇಕಾಗುವ ಕೆಲಸ ಸುಮಾರು 3.7 ಮೆಗಾಜೂಲ್, ಎಂದರೆ 37 ಲಕ್ಷ ಜೂಲ್. ಅದೇ ಎತ್ತರದಲ್ಲಿ ಅದಕ್ಕೆ ಸೆಕೆಂಡಿಗೆ 7.67 ಕಿಲೋಮೀಟರ್ ವೇಗ ಕೊಡಲು ಬೇಕಾಗುವುದು 29.4 ಮೆಗಾಜೂಲ್, ಹತ್ತಿರಹತ್ತಿರ ಎಂಟು ಪಟ್ಟು. ರಾಕೆಟ್ ಉಡಾವಣೆಯನ್ನು ಟೀವಿಯಲ್ಲಿ ನೋಡುವ ನಮಗೆ ಮೇಲಕ್ಕೇರುವುದೇ ದೊಡ್ಡ ಸಾಹಸವೆನಿಸುತ್ತದೆ. ಲೆಕ್ಕದ ಪ್ರಕಾರ ಅದು ಸಣ್ಣ ಬಾಬತ್ತು. ದೊಡ್ಡ ಖರ್ಚು ಇರುವುದು ಅಡ್ಡಕ್ಕೆ ಓಡುವುದರಲ್ಲಿ. ಮೋಡಗಳಾಚೆ ಹೋದ ರಾಕೆಟ್ ನೇರ ಮೇಲಕ್ಕೆ ಹೋಗುವುದನ್ನು ಬಿಟ್ಟು ಸಮುದ್ರದ ಮೇಲೆ ಬಾಗಿ ಮಲಗಿದಂತೆ ಸಾಗುವುದು ಇದಕ್ಕಾಗಿಯೇ. ಶ್ರೀಹರಿಕೋಟಾದ ಅಕ್ಷಾಂಶದಲ್ಲಿ ಭೂಮಿಯ ಸ್ವಭ್ರಮಣೆಯೇ ಸೆಕೆಂಡಿಗೆ ಸುಮಾರು 450 ಮೀಟರ್ ವೇಗವನ್ನು ಪೂರ್ವಕ್ಕೆ ಉಚಿತವಾಗಿ ಕೊಡುತ್ತದೆ. ಪೂರ್ವಕ್ಕೆ ಉಡಾಯಿಸುವಾಗ ಆ ಉಡುಗೊರೆಯನ್ನು ಯಾರೂ ಬಿಡುವುದಿಲ್ಲ.

ಈಗ ಶಕ್ತಿಯ ಖಾತೆಯನ್ನು ಪೂರ್ತಿಯಾಗಿ ತೆರೆಯೋಣ. ಭೂಮಿಯಿಂದ ಅನಂತ ದೂರದಲ್ಲಿ ನಿಶ್ಚಲವಾಗಿರುವ ವಸ್ತುವಿನ ಶಕ್ತಿಯನ್ನು ಸೊನ್ನೆ ಎಂದು ಒಪ್ಪಿಕೊಳ್ಳುವುದು ರೂಢಿ. ಅಲ್ಲಿಂದ ಭೂಮಿಯ ಹತ್ತಿರಕ್ಕೆ ಬಂದಷ್ಟೂ ಪ್ರಚ್ಛನ್ನ ಶಕ್ತಿ, ಎಂದರೆ ಇರುವ ಜಾಗದಿಂದಾಗಿ ವಸ್ತುವಿಗೆ ಬರುವ ಶಕ್ತಿ, ಸೊನ್ನೆಗಿಂತ ಕೆಳಗಿಳಿಯುತ್ತದೆ, ಆದ್ದರಿಂದ ಅದು ಋಣ ಸಂಖ್ಯೆ. ಇದನ್ನು ಸಾಲವೆಂದು ತಿಳಿದರೆ ಕಲ್ಪನೆ ಸುಲಭವಾಗುತ್ತದೆ: 400 ಕಿಲೋಮೀಟರ್ ಎತ್ತರದಲ್ಲಿರುವ ಪ್ರತಿ ಕಿಲೋಗ್ರಾಂ ವಸ್ತುವಿನ ಮೇಲೆ ಭೂಮಿಗೆ ತೀರಿಸಬೇಕಾದ 58.9 ಮೆಗಾಜೂಲ್ ಸಾಲವಿದೆ, ಕೈಯಲ್ಲಿರುವ ನಗದು, ಎಂದರೆ ಚಲನಶಕ್ತಿ, 29.4. ಸಾಲದ ಸರಿಯಾಗಿ ಅರ್ಧ. ಇದು ಕಾಕತಾಳೀಯವಲ್ಲ, ವೇಗದ ವರ್ಗ ಮತ್ತು ತ್ರಿಜ್ಯದ ಗುಣಲಬ್ಧ ಸ್ಥಿರವೆಂಬ ನಿಯಮವೇ ಶಕ್ತಿಯ ಭಾಷೆಯಲ್ಲಿ ಹೀಗೆ ಕಾಣಿಸಿಕೊಳ್ಳುತ್ತದೆ. ಯಾವುದೇ ವೃತ್ತಾಕಾರದ ಕಕ್ಷೆಯಲ್ಲಿ ಚಲನಶಕ್ತಿಯು ಪ್ರಚ್ಛನ್ನ ಶಕ್ತಿಯ ಅರ್ಧ ಪ್ರಮಾಣದಲ್ಲಿರುತ್ತದೆ, ಚಿಹ್ನೆ ಮಾತ್ರ ವಿರುದ್ಧ. ಹೀಗಾಗಿ ಒಟ್ಟು ಶಕ್ತಿ ಯಾವಾಗಲೂ ಚಲನಶಕ್ತಿಯಷ್ಟೇ ಪ್ರಮಾಣದ ಋಣ ಸಂಖ್ಯೆ: ಇಲ್ಲಿ −29.4. ಭೂಸ್ಥಿರ ಕಕ್ಷೆಯಲ್ಲಿ ಪ್ರಚ್ಛನ್ನ ಶಕ್ತಿ ಸುಮಾರು −9.4, ಚಲನಶಕ್ತಿ 4.7, ಒಟ್ಟು −4.7.

ಈ ಮೂರು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕಕ್ಷೆಯ ಅರ್ಥಶಾಸ್ತ್ರ ಸ್ಪಷ್ಟವಾಗುತ್ತದೆ. ಒಂದು ಕಿಲೋಗ್ರಾಮನ್ನು ಕೆಳಗಿನ ಕಕ್ಷೆಯಿಂದ ಭೂಸ್ಥಿರ ಕಕ್ಷೆಗೆ ಏರಿಸಲು ಹೊರಗಿನಿಂದ 24.7 ಮೆಗಾಜೂಲ್ ಶಕ್ತಿಯನ್ನು ಸೇರಿಸಬೇಕು. ಸೇರಿಸಿದ ಮೇಲೆ ಅದರ ಚಲನಶಕ್ತಿ ಹೆಚ್ಚಿರುವುದಿಲ್ಲ, ಅಷ್ಟೇ 24.7 ಕಡಿಮೆಯಾಗಿರುತ್ತದೆ. ಕೊಟ್ಟದ್ದೂ ಕಳೆದದ್ದೂ ಸೇರಿ ಎರಡು ಪಾಲು ಪ್ರಚ್ಛನ್ನ ಶಕ್ತಿಯ ಖಾತೆಗೆ ಜಮೆಯಾಗಿರುತ್ತವೆ. ಶಕ್ತಿ ಕೊಟ್ಟರೆ ಉಪಗ್ರಹ ನಿಧಾನವಾಗುತ್ತದೆ. ಶಕ್ತಿ ಕಿತ್ತುಕೊಂಡರೆ?

ವೇಗವಾಗುತ್ತದೆ. 400 ಕಿಲೋಮೀಟರ್ ಎತ್ತರದಲ್ಲೂ ವಾಯುಮಂಡಲದ ತೀರಾ ವಿರಳವಾದ ಅಂಚು ಇದೆ, ಅದು ಬಾಹ್ಯಾಕಾಶ ನಿಲ್ದಾಣವನ್ನು ಹಿಂದಕ್ಕೆ ತಡೆಯುತ್ತದೆ. ಗಾಳಿಯ ಪ್ರತಿರೋಧ ಚಲನೆಗೆ ನೇರ ವಿರುದ್ಧ, ಆದ್ದರಿಂದ ಅದರ ಕೆಲಸ ಋಣಾತ್ಮಕ ಎಂಬುದರಲ್ಲಿ ಸಂಶಯವಿಲ್ಲ. ಒಂದು ದಿನದಲ್ಲಿ ಸುಮಾರು 6,63,000 ಕಿಲೋಮೀಟರ್ ಕ್ರಮಿಸುವ ನಿಲ್ದಾಣ ಅಷ್ಟರಲ್ಲಿ 100 ಮೀಟರ್ ಕೆಳಗಿಳಿಯಿತು ಎನ್ನಿ. ಸೂರ್ಯನ ಚಟುವಟಿಕೆ ಜೋರಾಗಿದ್ದಾಗ ಇದು ಅಸಹಜವಲ್ಲ. ಈಗ ಅದರ ಹಾದಿ ನಿಖರವಾದ ವೃತ್ತವಲ್ಲ, ಬಹಳ ಮೆಲ್ಲಗೆ ಒಳಕ್ಕೆ ಸುತ್ತಿಕೊಳ್ಳುವ ಸುರುಳಿ. ಗುರುತ್ವ ಮತ್ತು ಚಲನೆಯ ನಡುವಿನ ಕೋನ 90 ಡಿಗ್ರಿಗಿಂತ ಒಂದು ಡಿಗ್ರಿಯ ಲಕ್ಷದ ಒಂದು ಭಾಗದಷ್ಟು ಕಡಿಮೆಯಾಗಿದೆ. ಆದರೆ ಆ ಅತ್ಯಲ್ಪ ಕೋನವನ್ನು ಗುಣಿಸುತ್ತಿರುವುದು 36.5 ಲಕ್ಷ ನ್ಯೂಟನ್ ಬಲ. ಲೆಕ್ಕ ಹಾಕಿದರೆ ಗುರುತ್ವದ ಒಂದು ಸಣ್ಣ ಅಂಶ, ಸುಮಾರು 0.55 ನ್ಯೂಟನ್, ನಿಲ್ದಾಣವನ್ನು ಮುಂದಕ್ಕೆ ಎಳೆಯುತ್ತಿರುತ್ತದೆ. ಇಂಥ ಇಳಿತಕ್ಕೆ ಕಾರಣವಾಗುವ ಗಾಳಿಯ ಪ್ರತಿರೋಧವಾದರೋ ಅದರ ಅರ್ಧ, ಸುಮಾರು 0.27 ನ್ಯೂಟನ್, ನೆಲದ ಮೇಲೆ 28 ಗ್ರಾಂ ವಸ್ತುವಿನ ತೂಕದಷ್ಟು. ಹಿಂದಕ್ಕೆ ತಳ್ಳುವುದು 0.27, ಮುಂದಕ್ಕೆ ಎಳೆಯುವುದು 0.55; ಉಳಿಯುವ ನಿವ್ವಳ ಬಲ ಮುಂದಕ್ಕೆ. ಗಾಳಿ ಹಿಂದಕ್ಕೆ ಎಷ್ಟು ತಳ್ಳುತ್ತದೆಯೋ ಅಷ್ಟೇ ಬಲದಿಂದ ಯಾರೋ ಮುಂದಕ್ಕೆ ನೂಕುತ್ತಿರುವಂತೆ ಉಪಗ್ರಹ ವರ್ತಿಸುತ್ತದೆ.

ಶಕ್ತಿಯ ಖಾತೆಯೂ ಇದನ್ನೇ ಹೇಳುತ್ತದೆ. ನಿಲ್ದಾಣ ಒಂದು ಕಿಲೋಮೀಟರ್ ಇಳಿದಾಗ ಪ್ರತಿ ಕಿಲೋಗ್ರಾಮಿನ ಮೇಲೆ ಗುರುತ್ವ ಮಾಡುವ ಕೆಲಸ ಸುಮಾರು 8,690 ಜೂಲ್. ಅದರಲ್ಲಿ ಅರ್ಧ, 4,345 ಜೂಲ್, ಗಾಳಿಯನ್ನು ಬಿಸಿಮಾಡಲು ಹೋಗುತ್ತದೆ. ಉಳಿದರ್ಧ ವೇಗಕ್ಕೆ ಸೇರಿ ಅದನ್ನು ಸೆಕೆಂಡಿಗೆ 57 ಸೆಂಟಿಮೀಟರ್‌ನಷ್ಟು ಹೆಚ್ಚಿಸುತ್ತದೆ. ಹಂಚಿಕೆ ಇಷ್ಟು ಸಮವಾಗಿರುವುದಕ್ಕೆ ಒಂದು ಷರತ್ತು ಇದೆ: ಪ್ರತಿರೋಧ ಅಲ್ಪವಾಗಿದ್ದು, ಪ್ರತಿ ಸುತ್ತೂ ಬಹುಮಟ್ಟಿಗೆ ವೃತ್ತವೇ ಆಗಿರಬೇಕು. ಸುಮಾರು 120 ಕಿಲೋಮೀಟರ್‌ಗಿಂತ ಕೆಳಗೆ ಗಾಳಿ ದಟ್ಟವಾದಾಗ ಈ ಷರತ್ತು ಮುರಿದುಬೀಳುತ್ತದೆ, ಪ್ರತಿರೋಧವೇ ಗೆಲ್ಲುತ್ತದೆ, ಉಪಗ್ರಹದ ವೇಗ ನಿಜವಾಗಿಯೂ ತಗ್ಗಿ ಅದು ಉರಿದುಹೋಗುತ್ತದೆ.

ಇಳಿದ ಒಂದು ಕಿಲೋಮೀಟರನ್ನು ಮರಳಿ ಏರಲು ಇಡೀ ನಿಲ್ದಾಣಕ್ಕೆ ಬೇಕಾಗುವ ಶಕ್ತಿಯನ್ನು ವಿದ್ಯುತ್ ಬಿಲ್ಲಿನ ಯೂನಿಟ್‌ಗಳಲ್ಲಿ ಹೇಳುವುದಾದರೆ ಸುಮಾರು 500 ಯೂನಿಟ್. ಅಷ್ಟೇನಾ ಎನಿಸಬಹುದು. ಆದರೆ ತಳ್ಳಿಕೊಳ್ಳಲು ಅಲ್ಲಿ ನೆಲವಿಲ್ಲ, ಕೈಯಲ್ಲಿರುವ ಇಂಧನವನ್ನೇ ಹಿಂದಕ್ಕೆ ಎಸೆದು ಮುಂದಕ್ಕೆ ಹೋಗಬೇಕು; ಸೆಕೆಂಡಿಗೆ ಸುಮಾರು 3 ಕಿಲೋಮೀಟರ್ ವೇಗದಲ್ಲಿ ಅನಿಲ ಹೊರಹಾಕುವ ಎಂಜಿನ್ ಆದರೆ ಈ ಒಂದು ಕಿಲೋಮೀಟರಿಗೆ 80 ಕಿಲೋಗ್ರಾಂ ಇಂಧನ ಬೇಕಾಗುತ್ತದೆ.

ಈ ವಿರೋಧಾಭಾಸ ಕಾಗದದ ಮೇಲಿನದಲ್ಲ. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಹಾರಿಸಿದ ಸ್ಪುಟ್ನಿಕ್ ಆರಂಭದಲ್ಲಿ ಸುಮಾರು 96 ನಿಮಿಷಗಳಿಗೊಮ್ಮೆ ಸುತ್ತುತ್ತಿತ್ತು; ಗಾಳಿಯ ತಡೆಯಿಂದ ಅದರ ಸುತ್ತಿನ ಅವಧಿ ದೀರ್ಘವಾಗಲಿಲ್ಲ, ಕಡಿಮೆಯಾಗುತ್ತಲೇ ಹೋಗಿ 1958ರ ಜನವರಿ 4ರಂದು ಅದು ವಾಯುಮಂಡಲದಲ್ಲಿ ಉರಿದುಹೋಯಿತು. ಇಸ್ರೋದ ಕಾರ್ಟೊಸ್ಯಾಟ್-2 ಉಪಗ್ರಹದ ಕಥೆ ಇನ್ನೂ ಹತ್ತಿರದ್ದು. 2007ರ ಜನವರಿ 10ರಂದು ಹಾರಿದ, 680 ಕಿಲೋಗ್ರಾಂ ತೂಕದ ಅದು ಸುಮಾರು 635 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿತ್ತು. ಹಾಗೆಯೇ ಬಿಟ್ಟಿದ್ದರೆ ಅದು ತಾನಾಗಿ ಕೆಳಗಿಳಿಯಲು ಸುಮಾರು 30 ವರ್ಷ ಬೇಕಾಗುತ್ತಿತ್ತು. ಉಳಿದಿದ್ದ ಇಂಧನದಲ್ಲಿ 26 ಕಿಲೋಗ್ರಾಂ ಉರಿಸಿ, 2020ರ ಆರಂಭದ ಹೊತ್ತಿಗೆ ಕಕ್ಷೆಯ ಕೆಳತುದಿಯನ್ನು 380 ಕಿಲೋಮೀಟರಿಗೆ ಇಳಿಸಲಾಯಿತು. ಆಮೇಲಿನ ಕೆಲಸವನ್ನು ಗಾಳಿಯೇ ಮಾಡಿತು. 2024ರ ಫೆಬ್ರವರಿ 14ರಂದು ಉಪಗ್ರಹ ಹಿಂದೂ ಮಹಾಸಾಗರದ ಮೇಲೆ ವಾಯುಮಂಡಲವನ್ನು ಪ್ರವೇಶಿಸಿತು. 635 ಕಿಲೋಮೀಟರಿನ ವೃತ್ತದಲ್ಲಿ ಅದರ ವೇಗ ಸೆಕೆಂಡಿಗೆ 7.54 ಕಿಲೋಮೀಟರ್ ಇತ್ತು, ಕೆಳಗಿಳಿದು 380 ಕಿಲೋಮೀಟರಿನ ವೃತ್ತಕ್ಕೆ ಬರುವ ಉಪಗ್ರಹದ ವೇಗ 7.68. ಇಡೀ ಪಯಣದಲ್ಲಿ ಅದಕ್ಕೆ ಸಿಕ್ಕಿದ್ದು ಬ್ರೇಕ್ ಮಾತ್ರ.

ನೆಲದ ಮೇಲಿನ ಅಭ್ಯಾಸ ಇಲ್ಲಿ ಎಷ್ಟು ಕೈಕೊಡುತ್ತದೆ ಎಂಬುದನ್ನು 1965ರ ಜೂನ್ 3ರಂದು ಅಮೆರಿಕದ ಜೆಮಿನಿ-4 ನೌಕೆಯ ಕಮಾಂಡರ್ ಜೇಮ್ಸ್ ಮೆಕ್‌ಡಿವಿಟ್ ಅನುಭವಿಸಿದರು. ತಮ್ಮನ್ನು ಕಕ್ಷೆಗೆ ತಂದ ಟೈಟನ್ ರಾಕೆಟ್ಟಿನ ಎರಡನೇ ಹಂತದ ಬಳಿಗೆ ನೌಕೆಯನ್ನು ಒಯ್ಯಲು ಅವರು ಯತ್ನಿಸಿದರು. ಯಾರಾದರೂ ಮಾಡುವಂತೆ ಅವರು ಗುರಿಯ ಕಡೆಗೆ ಮುಖಮಾಡಿ ಎಂಜಿನ್ ಉರಿಸಿದರು. ಗುರಿ ಹತ್ತಿರವಾಗುವ ಬದಲು ಕೈತಪ್ಪುತ್ತಾ ಹೋಯಿತು. ಮುಂದಿರುವ ವಸ್ತುವಿನತ್ತ ನೂಕಿಕೊಂಡರೆ ಶಕ್ತಿ ಹೆಚ್ಚುತ್ತದೆ, ಶಕ್ತಿ ಹೆಚ್ಚಿದರೆ ನೌಕೆ ಮೇಲಿನ ದಾರಿ ಹಿಡಿಯುತ್ತದೆ, ಮೇಲಿನ ದಾರಿ ಉದ್ದವೂ ಹೌದು, ನಿಧಾನವೂ ಹೌದು. ಇಂಧನ ಬಹಳ ಖರ್ಚಾಗಿದ್ದರಿಂದ ಪ್ರಯತ್ನವನ್ನು ಕೈಬಿಡಬೇಕಾಯಿತು. ಮುಂದಿರುವ ನೌಕೆಯನ್ನು ಹಿಡಿಯಬೇಕಾದರೆ ಮೊದಲು ಬ್ರೇಕ್ ಹಾಕಿ ಕೆಳಗಿನ ಕಕ್ಷೆಗೆ ಇಳಿಯಬೇಕು, ಅಲ್ಲಿನ ಹೆಚ್ಚು ವೇಗದಿಂದ ಗುರಿಯನ್ನು ಸಮೀಪಿಸಿ ಆಮೇಲೆ ಏರಬೇಕು. ಅದೇ ವರ್ಷ ಡಿಸೆಂಬರ್ 15ರಂದು ಜೆಮಿನಿ-6ಎ ನೌಕೆ ಜೆಮಿನಿ-7ರ ಬಳಿ ಸಾರಿದ್ದು ಹೀಗೆ ಕೆಳಗಿನಿಂದ ಬಂದು. 2025ರ ಜನವರಿ 16ರಂದು ಸ್ಪೇಡೆಕ್ಸ್ ಯೋಜನೆಯಲ್ಲಿ ಇಸ್ರೋ ಎರಡು ಪುಟ್ಟ ಉಪಗ್ರಹಗಳನ್ನು ಕಕ್ಷೆಯಲ್ಲಿ ಜೋಡಿಸಿದಾಗ, ಅವುಗಳ ನಡುವಿನ ದೂರವನ್ನು ಹಂತಹಂತವಾಗಿ ಕುಗ್ಗಿಸಿದ ಲೆಕ್ಕಾಚಾರವೂ ಇದೇ ನಿಯಮಕ್ಕೆ ಬದ್ಧವಾಗಿತ್ತು.

ಭೂಸ್ಥಿರ ಉಪಗ್ರಹಗಳನ್ನು ರಾಕೆಟ್ ನೇರವಾಗಿ ಅವುಗಳ ಮನೆಗೆ ತಲುಪಿಸುವುದು ಅಪರೂಪ. ಸಾಮಾನ್ಯವಾಗಿ ಅದು ಬಿಟ್ಟುಹೋಗುವುದು ಒಂದು ತುದಿ ಸುಮಾರು 170 ಕಿಲೋಮೀಟರ್, ಇನ್ನೊಂದು ತುದಿ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ದೀರ್ಘವೃತ್ತದಲ್ಲಿ. ಇಲ್ಲಿ ಗುರುತ್ವ ಸುಮ್ಮನಿರುವುದಿಲ್ಲ. ಕೆಳತುದಿಯಲ್ಲಿ ಸೆಕೆಂಡಿಗೆ 10.3 ಕಿಲೋಮೀಟರ್ ಇದ್ದ ವೇಗ, ಐದು ಗಂಟೆಗಳಿಗೂ ಮೀರಿದ ಏರುಹಾದಿಯಲ್ಲಿ ಗುರುತ್ವದ ಋಣಾತ್ಮಕ ಕೆಲಸದಿಂದಾಗಿ ಮೇಲ್ತುದಿಗೆ ಬರುವಷ್ಟರಲ್ಲಿ 1.6ಕ್ಕೆ ಕುಸಿಯುತ್ತದೆ, ಪ್ರತಿ ಕಿಲೋಗ್ರಾಮಿನಿಂದ ಸುಮಾರು 51 ಮೆಗಾಜೂಲ್ ಚಲನಶಕ್ತಿ ಪ್ರಚ್ಛನ್ನ ಶಕ್ತಿಯಾಗಿ ಬದಲಾಗುತ್ತದೆ. ಇಳಿಹಾದಿಯಲ್ಲಿ ಗುರುತ್ವ ಅಷ್ಟನ್ನೂ ಹಿಂದಿರುಗಿಸುತ್ತದೆ. ಸುತ್ತಿನ ಮೊತ್ತ ಸೊನ್ನೆಯೇ, ಆದರೆ ವೃತ್ತದಲ್ಲಿರುವಂತೆ ಕ್ಷಣಕ್ಷಣಕ್ಕೂ ಸೊನ್ನೆಯಲ್ಲ. ಮೇಲ್ತುದಿಯ ಎತ್ತರದಲ್ಲಿ ವೃತ್ತಾಕಾರವಾಗಿ ಸುತ್ತಲು ಬೇಕಾದದ್ದು 3.07 ಕಿಲೋಮೀಟರ್ ವೇಗ. ಆ ಕೊರತೆಯ ಸುಮಾರು ಒಂದೂವರೆ ಕಿಲೋಮೀಟರನ್ನು ತುಂಬಿಕೊಡುವುದು ಹಾಸನದಲ್ಲಿ 1982ರಿಂದ ಕೆಲಸ ಮಾಡುತ್ತಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದ ಜವಾಬ್ದಾರಿ. ಅಲ್ಲಿಂದ ಹೋಗುವ ಆದೇಶಕ್ಕೆ ತಕ್ಕಂತೆ ಉಪಗ್ರಹದ 440 ನ್ಯೂಟನ್ ಎಂಜಿನ್ ಮೇಲ್ತುದಿಯ ಆಸುಪಾಸಿನಲ್ಲಿ ಕಂತುಕಂತಾಗಿ ಉರಿಯುತ್ತದೆ. ಎರಡು ಮೂರು ಟನ್ನಿನ ಉಪಗ್ರಹಕ್ಕೆ 440 ನ್ಯೂಟನ್ ತೀರಾ ಸಣ್ಣ ನೂಕು, ಆದ್ದರಿಂದ ಒಟ್ಟು ಉರಿಯುವ ಸಮಯ ಗಂಟೆಗಳ ಲೆಕ್ಕದಲ್ಲಿರುತ್ತದೆ. ಮೇಲ್ತುದಿಯಲ್ಲೇ ಏಕೆ ಎಂದರೆ, ಒಂದು ಬಿಂದುವಿನಲ್ಲಿ ವೇಗ ಹೆಚ್ಚಿಸಿದಾಗ ಎತ್ತರ ಹೆಚ್ಚುವುದು ಕಕ್ಷೆಯ ಎದುರು ಬದಿಯಲ್ಲಿ. ಇಲ್ಲಿ ಎತ್ತಬೇಕಾಗಿರುವುದು ಕೆಳತುದಿಯನ್ನು.

ಹಾಗಾದರೆ ಅದೇ 440 ನ್ಯೂಟನ್ ಎಂಜಿನ್ ಇದ್ದ ಮಂಗಳಯಾನ ನೌಕೆ 2013ರ ನವೆಂಬರಿನಲ್ಲಿ ಮತ್ತೆ ಮತ್ತೆ ಕೆಳತುದಿಯ ಬಳಿಯೇ ಎಂಜಿನ್ ಉರಿಸಿದ್ದೇಕೆ? ಅದಕ್ಕೆ ವೃತ್ತ ಬೇಕಿರಲಿಲ್ಲ. ಬೇಕಾಗಿದ್ದುದು ಭೂಮಿಯ ಸಾಲ ಪೂರ್ತಿ ತೀರಿಸಿ ಹೊರಟುಹೋಗುವಷ್ಟು ಶಕ್ತಿ. ಒಂದು ಬಲ ಪ್ರತಿ ಸೆಕೆಂಡಿಗೆ ಮಾಡುವ ಕೆಲಸ ಎಂದರೆ ಬಲವನ್ನು ವೇಗದಿಂದ ಗುಣಿಸಿದ್ದು. ನವೆಂಬರ್ 16ರ ನಂತರ ಮಂಗಳಯಾನದ ಕಕ್ಷೆಯ ಮೇಲ್ತುದಿ ಸುಮಾರು 1,92,900 ಕಿಲೋಮೀಟರ್ ಎತ್ತರದಲ್ಲಿತ್ತು. ಅಲ್ಲಿ ನೌಕೆಯ ವೇಗ ಸೆಕೆಂಡಿಗೆ ಸುಮಾರು 360 ಮೀಟರ್, ಆದ್ದರಿಂದ 440 ನ್ಯೂಟನ್ ಬಲ ಮಾಡಬಲ್ಲ ಕೆಲಸ ಸೆಕೆಂಡಿಗೆ 1.6 ಲಕ್ಷ ಜೂಲ್. ಕೆಳತುದಿಯಲ್ಲಿ ವೇಗ ಸೆಕೆಂಡಿಗೆ ಸುಮಾರು 10.8 ಕಿಲೋಮೀಟರ್, ಅದೇ ಎಂಜಿನ್, ಅದೇ ಬಲ, ಅದೇ ಪ್ರಮಾಣದ ಇಂಧನ, ಆದರೆ ಕೆಲಸ ಸೆಕೆಂಡಿಗೆ 47 ಲಕ್ಷ ಜೂಲ್. ಮೂವತ್ತು ಪಟ್ಟು.

ಇಲ್ಲಿ ನಿಂತು ಒಂದು ಆಕ್ಷೇಪ ಎತ್ತಲೇಬೇಕು. ಅನಿಲ ಸೆಕೆಂಡಿಗೆ 3 ಕಿಲೋಮೀಟರ್ ವೇಗದಲ್ಲಿ ಹೊರಬೀಳುತ್ತದೆ ಎಂದಿಟ್ಟುಕೊಂಡರೆ, ಈ ಎಂಜಿನ್ ಇಂಧನದ ರಾಸಾಯನಿಕ ಶಕ್ತಿಯಿಂದ ಪಡೆಯುವುದು ಸೆಕೆಂಡಿಗೆ 6.6 ಲಕ್ಷ ಜೂಲ್ ಮಾತ್ರ. 6.6 ಲಕ್ಷ ಪಡೆದು 47 ಲಕ್ಷ ಕೊಡುವುದು ಹೇಗೆ? ಉತ್ತರ ಇಂಧನದಲ್ಲೇ ಇದೆ, ಆದರೆ ಅದರ ರಸಾಯನದಲ್ಲಲ್ಲ. ಟ್ಯಾಂಕಿನೊಳಗಿನ ಇಂಧನವೂ ನೌಕೆಯ ಜೊತೆ ಸೆಕೆಂಡಿಗೆ 10.8 ಕಿಲೋಮೀಟರ್ ವೇಗದಲ್ಲಿ ಓಡುತ್ತಿತ್ತು. ಅದರ ಪ್ರತಿ ಕಿಲೋಗ್ರಾಮಿಗೆ ಸುಮಾರು 58 ಮೆಗಾಜೂಲ್ ಚಲನಶಕ್ತಿ ಇತ್ತು. ಹಿಂದಕ್ಕೆ ಚಿಮ್ಮಿದ ಮೇಲೆ ಭೂಮಿಗೆ ಹೋಲಿಸಿದರೆ ಅದರ ವೇಗ 7.8 ಕಿಲೋಮೀಟರಿಗೂ, ಚಲನಶಕ್ತಿ ಸುಮಾರು 30 ಮೆಗಾಜೂಲಿಗೂ ಇಳಿಯುತ್ತದೆ. ಆ ಇಪ್ಪತ್ತೆಂಟು ಮೆಗಾಜೂಲ್ ನೌಕೆಗೆ ವರ್ಗವಾಗುತ್ತದೆ. ರಾಕೆಟ್ ಮತ್ತು ಗುರುತ್ವ ಮುಂಚೆ ಇಂಧನದ ಮೇಲೆ ಮಾಡಿದ್ದ ಕೆಲಸವೇ ಈಗ ನೌಕೆಯ ಖಾತೆಗೆ ಬರುತ್ತಿದೆ, ಹೊಸದಾಗಿ ಏನೂ ಹುಟ್ಟಿಲ್ಲ. ನವೆಂಬರ್ 30ರ ನಡುರಾತ್ರಿ ಕಳೆದು ಡಿಸೆಂಬರ್ 1 ಶುರುವಾದ ಮೇಲೆ ಕೆಳತುದಿಯ ಬಳಿ ಸುಮಾರು 22 ನಿಮಿಷ ಉರಿದ ಎಂಜಿನ್, ವೇಗಕ್ಕೆ ಸೆಕೆಂಡಿಗೆ 648 ಮೀಟರ್ ಸೇರಿಸಿ ಮಂಗಳಯಾನವನ್ನು ಭೂಮಿಯ ಹಿಡಿತದಿಂದ ಬಿಡಿಸಿತು. ಅಷ್ಟು ಸಣ್ಣ ಎಂಜಿನ್ನಿಗೆ ಅದು ಸಾಧ್ಯವಾದದ್ದು ಜಾಗದ ಆಯ್ಕೆಯಿಂದ.

ಆಯಸ್ಸು ಮುಗಿದ ಭೂಸ್ಥಿರ ಉಪಗ್ರಹಗಳ ವಿಲೇವಾರಿಯಲ್ಲೂ ಇದೇ ಲೆಕ್ಕ ನಡೆಯುತ್ತದೆ. 36,000 ಕಿಲೋಮೀಟರ್ ಎತ್ತರದಲ್ಲಿ ಕೆಳಗೆಳೆಯಲು ಗಾಳಿಯಿಲ್ಲ. ಅಲ್ಲಿಂದ ಉಪಗ್ರಹವನ್ನು ವಾಯುಮಂಡಲಕ್ಕೆ ಬೀಳಿಸಬೇಕಾದರೆ ಅದರ ವೇಗದಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ತಗ್ಗಿಸಬೇಕು, ಎಂದರೆ ಅಲ್ಲಿಗೆ ತರಲು ಅದರ ಎಂಜಿನ್ ಪಟ್ಟಷ್ಟೇ ಶ್ರಮ ಮತ್ತೊಮ್ಮೆ. ಸುಮಾರು 300 ಕಿಲೋಮೀಟರ್ ಮೇಲಿನ ಕಕ್ಷೆಗೆ ಸರಿಸಲು ಸಾಕಾಗುವುದು ಸೆಕೆಂಡಿಗೆ ಕೇವಲ 11 ಮೀಟರ್. ಆದ್ದರಿಂದ ನಿವೃತ್ತ ಉಪಗ್ರಹಗಳನ್ನು ಕೆಳಗೆ ತರುವುದಿಲ್ಲ, ಕೊನೆಯ ಕೆಲವು ಕಿಲೋಗ್ರಾಂ ಇಂಧನ ಉರಿಸಿ ಮೇಲಕ್ಕೆ ಕಳಿಸುತ್ತಾರೆ. ಮುಂದಕ್ಕೆ ನೂಕಿಸಿಕೊಂಡ ಉಪಗ್ರಹ ಎಂದಿನಂತೆ ಮೊದಲಿಗಿಂತ ನಿಧಾನವಾಗುತ್ತದೆ, ಅದರ ಸುತ್ತು ಸುಮಾರು 15 ನಿಮಿಷ ದೀರ್ಘವಾಗುತ್ತದೆ, ಮತ್ತು ಅಲ್ಲಿಯವರೆಗೆ ಆಕಾಶದ ಒಂದೇ ಬಿಂದುವಿನಲ್ಲಿ ನಿಂತಂತೆ ಕಾಣುತ್ತಿದ್ದುದು ದಿನಕ್ಕೆ ಸುಮಾರು 3.8 ಡಿಗ್ರಿಯಂತೆ ಪಶ್ಚಿಮಕ್ಕೆ ಸರಿಯತೊಡಗುತ್ತದೆ.